ಗಾಡಿ ವಾಲಿದರೆ ಹಾರಬೇಡ

ನೆಲಮಂಗಲ

ಪ್ರೀತಿಯ ಪುಟ್ಟಿ,

ಫೋರ್ಕ್‌ಲಿಫ್ಟ್ ಕಲಿಯೋಕೆ ಸೇರ್ತೀನಿ ಅಂತ ನೀನು ಹೇಳಿದಾಗಿಂದ ಅಮ್ಮ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಅವಳ ಕಣ್ಣಲ್ಲಿ ಗೋಡೌನ್ ಕೆಲಸ ಅಂದರೆ ಇನ್ನೂ ಅಪ್ಪನ ಹಮಾಲಿ, ಬೆನ್ನ ಮೇಲಿನ ಕೊಬ್ಬರಿ ಚೀಲ. ಈಗ ಭಾರ ಎತ್ತೋದು ಹೈಡ್ರಾಲಿಕ್, ನಾವಲ್ಲ. ನಮ್ಮಿಂದ ಬೇಕಾಗಿರೋದು ನಿಧಾನ, ಅಂದಾಜು. ಎರಡೂ ನಿನಗೆ ನನಗಿಂತ ಹೆಚ್ಚೇ ಇವೆ.

ಸ್ಕೂಟರ್ ಓಡಿಸಿದ ಕೈಗೆ ಮೊದಮೊದಲು ಗಲಿಬಿಲಿ ಆಗುತ್ತೆ. ಇಲ್ಲಿ ತಿರುಗೋದು ಹಿಂದಿನ ಚಕ್ರ. ಸ್ಟೀರಿಂಗ್ ತಿರುಗಿಸಿದರೆ ಗಾಡಿಯ ಹಿಂಭಾಗ ಬೀಸಿಕೊಂಡು ಆಚೆ ಹೋಗುತ್ತೆ, ಅಲ್ಲಿ ಲೋಡಿಂಗ್ ಹುಡುಗ ಯಾರೋ ಫೋನ್ ನೋಡ್ತಾ ನಿಂತಿರ್ತಾನೆ. ಗಾಡಿಯೇ ಒಂದು ತಕ್ಕಡಿ: ಮುಂದೆ ಮಾಲು, ಹಿಂದೆ ಕಬ್ಬಿಣದ ತೂಕ, ನಡುವೆ ಮುಂದಿನ ಚಕ್ರ. ಗಾಡಿಯ ತಾಕತ್ತು ಬರೆದ ಪ್ಲೇಟಿನ ಮೇಲೆ 2 ಟನ್ ಅಂತ ಇದ್ದರೆ ಅದು ಮಾಲಿನ ಭಾರದ ನಡು ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗಿದ್ದಾಗಿನ ಲೆಕ್ಕ. ಉದ್ದನೆಯ ಪೆಟ್ಟಿಗೆ ಬಂದರೆ ಗಾಡಿಯ ತಾಕತ್ತು ಇಳಿಯುತ್ತೆ, ತುಂಬ ಎತ್ತರದ ರ‍್ಯಾಕಿಗೆ ಎತ್ತುವಾಗಲೂ ಇಳಿಯುತ್ತೆ. 'ಇದೊಂದ್ಸಲ ಎತ್ತಿಬಿಡು' ಅಂತ ಯಾರೇ ಹೇಳಲಿ, ನೀನು ಪ್ಲೇಟಿನ ಮಾತೇ ಕೇಳು.

ಓಡಾಡುವಾಗ ಫೋರ್ಕ್ ನೆಲದಿಂದ ಗೇಣಿಗಿಂತ ಮೇಲೆ ಬೇಡ. ಮಾಲು ಕಣ್ಣಿಗೆ ಅಡ್ಡ ಬಂದರೆ ರಿವರ್ಸ್‌ನಲ್ಲೇ ಹೋಗು. ಎತ್ತಿದ ಫೋರ್ಕಿನ ಕೆಳಗೆ ಯಾರನ್ನೂ ಬಿಡಬೇಡ. ಇದನ್ನೆಲ್ಲ ಅಲ್ಲಿ ಕಲಿಸೋರೂ ಹೇಳಿಕೊಡ್ತಾರೆ.

ನಾನು ಕಾಗದ ಬರೆಯೋಕೆ ಕೂತಿದ್ದು ಇನ್ನೊಂದಕ್ಕೆ. ಕೂತು ಓಡಿಸೋ ಗಾಡಿ ಪಕ್ಕಕ್ಕೆ ವಾಲಿದರೆ ಮೈ ತಾನಾಗಿ ಹೊರಗೆ ಹಾರೋಕೆ ನೋಡುತ್ತೆ. ಹಾರಿದವರು ಬೀಳೋದು ಗಾಡಿ ಬೀಳುವ ಕಡೆಗೇ. ಆಮೇಲೆ ತಲೆ ಕಾಯಬೇಕಾದ ಕಬ್ಬಿಣದ ಗಾರ್ಡೇ ಮೇಲೆ ಬಂದು ಅಪ್ಪಳಿಸುತ್ತೆ. ಬೆಲ್ಟ್ ಹಾಕಿಕೊಂಡೇ ಇರು. ಸ್ಟೀರಿಂಗ್ ಬಿಗಿಯಾಗಿ ಹಿಡಿ, ಕಾಲು ಊರಿಕೋ, ಗಾಡಿ ಬೀಳ್ತಿರೋ ಕಡೆಗಲ್ಲ, ಅದರ ಎದುರು ಕಡೆಗೆ ವಾಲು. ಗಾಡಿ ಹೋದರೆ ಹೋಗಲಿ, ಮಾಲು ಪುಡಿಯಾದರೆ ಆಗಲಿ. ರಾತ್ರಿ ಮಲಗೋ ಮುಂಚೆ ಮಂಚದ ಮೇಲೆ ಕೂತು ಇದನ್ನ ಅಭ್ಯಾಸ ಮಾಡು ಪುಟ್ಟಿ. ಆ ಗಳಿಗೆಯಲ್ಲಿ ಯೋಚನೆ ಮಾಡೋಕೆ ಪುರುಸೊತ್ತು ಇರಲ್ಲ, ಮೈಗೇ ಗೊತ್ತಿರಬೇಕು.

ಭಾನುವಾರ ಊರಿಗೆ ಬರ್ತೀನಿ. ಅಮ್ಮನ ಹತ್ತಿರ ನಾನೇ ಮಾತಾಡ್ತೀನಿ. ಸೇಫ್ಟಿ ಶೂ ತರ್ತೀನಿ, ಪಾದದ ಅಳತೆ ಕಳಿಸು.

ನಿನ್ನ
ಅಣ್ಣ