ಡಿಸ್ಕಿನ ಪಾಲುಪಟ್ಟಿ

ನಮ್ಮ ಮನೆಯಲ್ಲಿ ಹೊಲ-ಮನೆಗೆ ಜಗಳವಾದದ್ದಿಲ್ಲ, ಹಂಚಿಕೊಳ್ಳುವಷ್ಟು ಇರಲೂ ಇಲ್ಲ. ಆದ ಜಗಳವೆಲ್ಲ ಒಂದು ಹಾರ್ಡ್ ಡಿಸ್ಕಿನದು. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದ ಮೇಲೆ ಎರಡು ಬೆರಳಿನಲ್ಲಿ ಟೈಪ್ ಮಾಡುವುದು ಕಲಿತು, ಅಭಿನಂದನ ಗ್ರಂಥಗಳಿಗೆ ಲೇಖನ, ವಾಚಕರ ವಾಣಿಗೆ ಪತ್ರ, ಜೊತೆಗೆ ಮುಗಿಯದ ವಂಶಾವಳಿ ಎಲ್ಲವನ್ನೂ ಅದರಲ್ಲೇ ಬರೆಯುತ್ತಿದ್ದರು. ನುಡಿಗೆ ವಿಂಡೋಸ್ ಬೇಕು. ನನಗೋ, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿದ್ದ ಲಿನಕ್ಸ್ ಹಾಕದೆ ನಿದ್ದೆ ಬಾರದು. ಇನ್ನೊಂದು ಕಂಪ್ಯೂಟರ್ ಕೊಳ್ಳುವ ಮಾತು ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಇದ್ದ ಡಿಸ್ಕನ್ನೇ ಪಾಲು ಮಾಡಿ, ಆನ್ ಮಾಡಿದಾಗ ಯಾರನ್ನು ಎಬ್ಬಿಸಬೇಕೆಂದು ಕೇಳುವ ಪಟ್ಟಿಯೊಂದನ್ನು ಬಾಗಿಲಲ್ಲಿ ಕೂರಿಸಿದೆ.

ಈ ಪಾಲಿನ ಕಾನೂನು 1983ರದು. ಆ ವರ್ಷ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಕೊಟ್ಟಿತು. ಅದನ್ನು ಆಳಲು ಡಾಸ್ 2.0 ಬಂತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟಿನದು. ಅದರಲ್ಲಿ 446 ಬೈಟ್ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟ್ ಪಾಲುಪಟ್ಟಿಗೆ, ಉಳಿದೆರಡು ಸಹಿಗೆ. ಒಂದೊಂದು ಪಾಲಿನ ವಿವರಕ್ಕೆ 16 ಬೈಟ್ ಬೇಕಾದ್ದರಿಂದ ನಾಲ್ಕೇ ಪಾಲು. ಈಗ ಮೊಬೈಲಿನ ಎರಡು ಮೂರು ಫೋಟೋಗೇ ತುಂಬಿಹೋಗುವ ಆ ಡಿಸ್ಕಿಗೆ ಐದನೆಯ ವಾರಸುದಾರ ಬಂದಾನೆಂದು ಆಗ ಯಾರಿಗೆ ಅನಿಸೀತು? ಮುಂದೆ ಬಂದ. ಆಗ ನಾಲ್ಕರಲ್ಲೊಂದನ್ನು ‘ಎಕ್ಸ್‌ಟೆಂಡೆಡ್’ ಎಂದು ಹೆಸರಿಟ್ಟು, ಅದರೊಳಗೆ ಮರಿ ಪಾಲುಗಳನ್ನು ಮಾಡುವ ಉಪಾಯ ಹುಡುಕಿದರು.

ನನಗೆ ಬೆರಗು ಆ 446 ಬೈಟಿನದು. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್, ಅದಕ್ಕೆ ಹತ್ತಿಸಿದ ಕೊಂಬಿಗೆ ಬೇರೆ ಮೂರು. ಆ ಲೆಕ್ಕದಲ್ಲಿ ನೂರೈವತ್ತು ಚಿಹ್ನೆ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ಅಪ್ಪನ ವಾಚಕರ ವಾಣಿಯ ಪತ್ರದಲ್ಲಿ ‘ಮಾನ್ಯರೇ’ ಆದ ಮೇಲೆ ಒಂದು ವಾಕ್ಯ. ಇಷ್ಟರಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಎಬ್ಬಿಸುವ ಕೆಲಸ ಆಗುವ ಮಾತಲ್ಲ. ಅದಕ್ಕೇ ಲಿಲೋ ಎರಡು ಹಂತದಲ್ಲಿ ಏಳುತ್ತಿತ್ತು. ವರ್ನರ್ ಆಲ್ಮೆಸ್ಬರ್ಗರ್ 1992ರ ಸುಮಾರಿಗೆ ಬರೆದ ಆ ಲಿನಕ್ಸ್ ಲೋಡರ್ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಪರದೆಯ ಮೇಲೆ ಮೂಡಿಸುತ್ತಿತ್ತು: ಎಲ್, ಐ, ಎಲ್, ಓ. ಅದು ಶೋಕಿಯಲ್ಲ. ಬರೀ ಎಲ್ ಬಂದು ನಿಂತರೆ ಎರಡನೆಯ ಹಂತವನ್ನು ಡಿಸ್ಕಿನಿಂದ ಎತ್ತಿಕೊಳ್ಳಲಾಗಿಲ್ಲ. ಐ ಕೂಡ ಬಂದು ನಿಂತರೆ ಎತ್ತಿಕೊಂಡಿದೆ, ಆದರೆ ಅದು ಓಡುತ್ತಿಲ್ಲ. ನಾಲ್ಕೂ ಮೂಡಿದರೆ ಎಲ್ಲ ಕ್ಷೇಮ. ಎಲ್ಲಿ ತಡವರಿಸಿತೆಂದು ಇಷ್ಟು ಚೊಕ್ಕವಾಗಿ ಹೇಳುವ ಪ್ರೋಗ್ರಾಮನ್ನು ನಾನು ಮತ್ತೆ ಕಂಡಿಲ್ಲ; ಈಗಿನವು ‘ಏನೋ ತಪ್ಪಾಗಿದೆ’ ಎಂದು ಕೈಚೆಲ್ಲುತ್ತವೆ.

ಆದರೆ ಲಿಲೋಗೆ ಫೈಲು, ಫೋಲ್ಡರು ತಿಳಿಯುತ್ತಿರಲಿಲ್ಲ. ಸಿಸ್ಟಮಿನ ತಿರುಳಾದ ಕರ್ನೆಲ್ ಯಾವ ಯಾವ ಸೆಕ್ಟರಿನಲ್ಲಿದೆ ಎಂಬ ವಿಳಾಸಗಳನ್ನಷ್ಟೇ ಬರೆದಿಟ್ಟುಕೊಳ್ಳುತ್ತಿತ್ತು. ಹೊಸ ಕರ್ನೆಲ್ ಹಾಕಿದಾಗೆಲ್ಲ ಲಿಲೋ ಕಮಾಂಡ್ ಕೊಟ್ಟು ಹೊಸ ವಿಳಾಸ ತಿಳಿಸಲೇಬೇಕು. 1995ರಲ್ಲಿ ಎರಿಕ್ ಬೋಲಿನ್, ಗ್ನೂ ಹರ್ಡ್ ಎಂಬ ಸಿಸ್ಟಮಿಗಾಗಿ ಶುರುಮಾಡಿದ ಗ್ರಬ್ ಈ ಪೀಕಲಾಟ ತಪ್ಪಿಸಿತು. ಅದು ಡಿಸ್ಕನ್ನು ತಾನೇ ಓದಿ ಕರ್ನೆಲನ್ನು ಹುಡುಕಿಕೊಳ್ಳುತ್ತದೆ. ಹರ್ಡ್ ಮಾತ್ರ ಇವತ್ತಿಗೂ ಸಾಮಾನ್ಯರ ಮೇಜಿಗೆ ಬಂದಿಲ್ಲ. ಅದಕ್ಕೆಂದು ಕಟ್ಟಿದ ಬಾಗಿಲಿನಲ್ಲಿ ಊರೆಲ್ಲ ಓಡಾಡುತ್ತಿದೆ.

ಅಪ್ಪನಿಗೆ ಈ ಚರಿತ್ರೆ ಬೇಡ. ಅವರ ತಕರಾರು ಗಡಿಯಾರದ್ದು. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಲೋಟ ಹಿಡಿದು ಕೂತವರು ಕೂಗಿದರು: “ಲೋ, ನಿನ್ನ ಡಬ್ಬದಲ್ಲಿ ಇನ್ನೂ ಮೂರೂವರೆ ಕಣೋ. ಬ್ರಾಹ್ಮೀ ಮುಹೂರ್ತಾನೂ ಆಗಿಲ್ಲ!” ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆಯೆಂದು ವಿಂಡೋಸ್ ನಂಬುತ್ತದೆ, ಡಾಸ್ ಕಾಲದಿಂದ ಬಂದ ರೂಢಿ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ಯುಟಿಸಿ ಇಟ್ಟು, ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ನಾನು ರಾತ್ರಿ ಲಿನಕ್ಸಿನಲ್ಲಿ ಕೂತು ಎದ್ದರೆ ಬೆಳಿಗ್ಗೆ ಅಪ್ಪನಿಗೆ ಗ್ರೀನ್‌ವಿಚ್ಚಿನ ಹೊತ್ತು. ಕೊನೆಗೆ ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸಿಗೆ ಹೇಳಿದೆ. ಹೊಂದಿಕೊಳ್ಳುವ ಸರದಿ ಯಾವಾಗಲೂ ಲಿನಕ್ಸಿನದೇ. ವಿಂಡೋಸನ್ನು ಹೊಸದಾಗಿ ಹಾಕಿದರೆ ಅದು ಮೊದಲ ಸೆಕ್ಟರನ್ನು ಯಾರನ್ನೂ ಕೇಳದೆ ತನ್ನದಾಗಿಸಿಕೊಂಡು ಗ್ರಬ್ಬನ್ನು ಅಳಿಸಿಬಿಡುತ್ತಿತ್ತು. ಲಿನಕ್ಸ್ ಹಾಕಿದರೆ ವಿಂಡೋಸಿಗೂ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತಿತ್ತು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ 512 ಬೈಟಿನ ಕುಸ್ತಿ ಇಲ್ಲ. ಯುಇಎಫ್‌ಐ ಎಂಬ, ಯಂತ್ರವನ್ನು ಎಬ್ಬಿಸುವ ಹೊಸ ವ್ಯವಸ್ಥೆ ಬಂದ ಮೇಲೆ ಎಲ್ಲರ ಲೋಡರೂ ಒಂದೇ ಪುಟ್ಟ ಪಾಲಿನಲ್ಲಿ, ತಂತಮ್ಮ ಫೋಲ್ಡರಿನಲ್ಲಿ ಇರುತ್ತವೆ. ಜಿಪಿಟಿ ಎಂಬ ಹೊಸ ಪಾಲುಪಟ್ಟಿಯಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗ. 2012ರಲ್ಲಿ ವಿಂಡೋಸ್ 8ರ ಜೊತೆ, ನಂಬಿಕೆಯ ಸಹಿಯಿಲ್ಲದ ಲೋಡರನ್ನು ಏಳಗೊಡದ ಸೆಕ್ಯೂರ್ ಬೂಟ್ ಬಂದಾಗ ಲಿನಕ್ಸಿನವರಿಗೆ ಬಾಗಿಲೇ ಮುಚ್ಚೀತೆಂದು ಗುಲ್ಲೆದ್ದಿತ್ತು; ಮೈಕ್ರೋಸಾಫ್ಟಿನ ಸಹಿ ಪಡೆದ ‘ಶಿಮ್’ ಎಂಬ ಕಿರು ಲೋಡರು ದಾರಿ ಮಾಡಿಕೊಟ್ಟಿತು.

ಅಷ್ಟಕ್ಕೂ ಈಗ ಪಾಲಿನ ಹಂಗೇ ಬೇಕಿಲ್ಲ. ಲಿನಕ್ಸಿನೊಳಗೆ ವರ್ಚುವಲ್ ಮಷೀನಿನಲ್ಲಿ ವಿಂಡೋಸ್ ಓಡಿಸಬಹುದು. ಅಪ್ಪನಿಗೆ ತೋರಿಸಿದೆ. ಹಳೆಯ ನುಡಿ ಫೈಲುಗಳೆಲ್ಲ ಸರಿಯಾಗಿ ತೆರೆದವು. ಲಿನಕ್ಸಿನಲ್ಲಿ ನೇರವಾಗಿ ತೆರೆದರೆ ಅವು ಯುನಿಕೋಡ್ ಅಲ್ಲವಾಗಿ ತಲೆಯ ಮೇಲೆ ಚುಕ್ಕೆ-ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆಯಾಗುತ್ತಿದ್ದವು. ಅಪ್ಪ ಕನ್ನಡಕ ಸರಿಸಿ ನೋಡಿದರು.

“ಅಂದ್ರೆ ನಾನು ನಿನ್ನ ಪಾಲಿನಲ್ಲಿ ಬಾಡಿಗೆಗಿರಬೇಕು?”

“ಹಾಗಲ್ಲಪ್ಪ, ಸುಮ್ಮನೆ ಅನುಕೂಲಕ್ಕೆ…”

“ನನ್ನದು ನನಗಿರಲಿ ಬಿಡು.”

ಬಿಟ್ಟೆ. ಗ್ರಬ್ ಪಟ್ಟಿಯಲ್ಲಿ ಡೀಫಾಲ್ಟ್ ಸಾಲು ಅವರದೇ, ಕಾಯುವ ಹೊತ್ತು ಹತ್ತು ಸೆಕೆಂಡ್. ಆನ್ ಮಾಡಿ ನಾನು ನೀರು ಕುಡಿಯಲು ಎದ್ದು ಹೋದರೆ, ಬರುವಷ್ಟರಲ್ಲಿ ವಿಂಡೋಸ್ ಪಾಸ್‌ವರ್ಡ್ ಕೇಳುತ್ತ ಕೂತಿರುತ್ತದೆ. ರೀಸ್ಟಾರ್ಟ್ ಒತ್ತಿ ಮತ್ತೆ ಕಾಯುತ್ತೇನೆ.