ಕಾಣದ ಅಂಚು

ಸೀಮಂತ ಮುಗಿದ ಮಗಳನ್ನು ಕುಣಿಗಲ್‌ನಿಂದ ತವರಿಗೆ ಕರೆತರಲು ಗುಬ್ಬಿಯ ತಂದೆಯೊಬ್ಬರು ಕಾರಿನಲ್ಲಿ ಹೊರಟಿದ್ದರು. ತುಮಕೂರಿನಲ್ಲಿ ಗಾಳಿ ತುಂಬಿಸಲು ನಿಲ್ಲಿಸಿದಾಗ ಪಂಕ್ಚರ್ ಅಂಗಡಿಯ ತಾತ ಹಿಂದಿನ ಎಡಚಕ್ರದ ಒಳಬದಿಗೆ ಕೈಯಾಡಿಸಿದರು.

"ಹೊರಗೆ ಬಟನ್ ಇದೆ ಸ್ವಾಮಿ, ಒಳಗೆ ಬೋಳು."

"ಹೊಸ ಟೈರ್ ಹಾಕಿಬಿಡಿ."

"ಹಾಕ್ತೀನಿ. ಅದೂ ಹೀಗೇ ಸವೆಯುತ್ತೆ!"

ತಾತನ ಮಾತು ನಿಜ. ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ. ಒಂದೇ ಅಂಚು ಸವೆದರೆ ಚಕ್ರ ವಾಲಿರಬೇಕು, ಇಲ್ಲವೇ ಸೊಟ್ಟಗೆ ಉರುಳುತ್ತಿರಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರದ ಈ ಓರೆಯನ್ನು ತಿರುಪು ತಿರುಗಿಸಿ ಸರಿಪಡಿಸಲಾಗದು, ಆಕ್ಸಲ್ಲನ್ನೇ ಪರೀಕ್ಷಿಸಬೇಕು. ಕಾರಿನ ಟೈರಿಗೆ ಕಾನೂನು ಕೇಳುವುದು ಕನಿಷ್ಠ 1.6 ಮಿ.ಮೀ. ಆಳದ ಬಟನ್. ಬೋಳು ಟೈರು ಮಳೆನೀರನ್ನು ಆಚೆ ತಳ್ಳಲಾರದೆ ಜಾರುತ್ತದೆ.

ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿಸಿದಾಗ ಗುಟ್ಟು ರಟ್ಟಾಯಿತು: ಆಕ್ಸಲ್ ಬಾಗಿತ್ತು. ಯಾವ ಗುಂಡಿಯಲ್ಲೋ, ಎಂದೋ!

ಕಾರು ಗ್ಯಾರೇಜಿನಲ್ಲೇ ಉಳಿಯಿತು. ತಂದೆ ಬಾಡಿಗೆ ಕಾರಿನಲ್ಲಿ ಕುಣಿಗಲ್ ತಲುಪಿದರು. ಮಗಳನ್ನು ಹತ್ತಿಸುವ ಮೊದಲು ಬಗ್ಗಿ, ಹಿಂದಿನ ಚಕ್ರಗಳ ಒಳಬದಿಯನ್ನು ಮುಟ್ಟಿ ನೋಡಿದರು.