ಕಥೆ ಕೇಳೋಕೆ ಬರೋರು ಸೀಟೂ ತರಲಿ

 

ಕಥೆ, ಕವಿತೆ ಬರೆಯೋದನ್ನೇ ಡಿಗ್ರಿಯಾಗಿ ಕಲಿಸೋ ಕಾಲ ನಮ್ಮ ಬೆಂಗಳೂರಿಗೂ ಬಂದಿದೆ. ಕ್ರಿಯೇಟಿವ್ ರೈಟಿಂಗ್ ಅಂತಾರೆ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯ ಇದನ್ನ 1936ರಲ್ಲೇ ಶುರು ಮಾಡಿತ್ತು. ನಮ್ಮಲ್ಲಿ ಈಗ ಖಾಸಗಿ ವಿಶ್ವವಿದ್ಯಾಲಯಗಳು ಮಾಡ್ತಿವೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕೋರ್ಸಿನ ಜೊತೆ 'ಕಮ್ಯುನಿಟಿ ಔಟ್‌ರೀಚ್' ಅಂತಾನೂ ಇರುತ್ತೆ. ವಿದ್ಯಾರ್ಥಿಗಳು ಕ್ಯಾಂಪಸ್ಸಿಂದ ಹೊರಗೆ ಬಂದು ಜನರ ಜೊತೆ ಕೂತು ಕಥೆ ಕೇಳಬೇಕು, ಬರೆಸಬೇಕು. ಆ 'ಜನ' ಯಾರು ಅಂದ್ರೆ ನಾವು. ಕಾಡುಗೋಡಿಯ ನಮ್ಮ ಕಾಲೋನಿಯಂಥ ಕಾಲೋನಿಗಳು.

ಇದು ಬೇಡ ಅಂತ ನಾನು ಹೇಳ್ತಿಲ್ಲ. ಬರೆಯೋದನ್ನ ಖಂಡಿತ ಕಲಿಸಬಹುದು. ನಾನು ಕಲಿತದ್ದು ಸಂಘದ ಕರಪತ್ರ, ಗೋಡೆಬರಹ, ತಹಶೀಲ್ದಾರರಿಗೆ ಕೊಡೋ ಮನವಿ ಬರೆದು ಬರೆದು. ಹಿರಿಯರು ಕೆಂಪು ಇಂಕಿನಲ್ಲಿ ತಿದ್ದಿದರು, ನಾನು ತಿದ್ದಿಕೊಂಡೆ. ಕನ್ನಡದಲ್ಲಿ ಬರೆಯೋ ಶಿಬಿರಕ್ಕೆ ಕಮ್ಮಟ ಅಂತೀವಿ. ಕಮ್ಮಟ ಅಂದ್ರೆ ನಾಣ್ಯ ಅಚ್ಚು ಹಾಕೋ ಜಾಗ. ನನ್ನ ಪ್ರಶ್ನೆ ಇಷ್ಟೇ: ಈ ಕಮ್ಮಟದಲ್ಲಿ ಚಿನ್ನ ಯಾರದು, ಮುದ್ರೆ ಯಾರದು?

ಈ ಪ್ರಶ್ನೆ ಹೊಸದಲ್ಲ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಆ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆ ಮಾದಿಗರ ಹಾಡು' ಬಂತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಪರಿಷತ್ತು ಕೊಡಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೀತು. ಆ ಬಂಡಾಯದ ಜೊತೆ ಬೆಳೆದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅವರ ಕಮ್ಮಟ ಯಾವುದು? ಚಳವಳಿ, ವಕೀಲಿಕೆ, ಲಂಕೇಶ್ ಪತ್ರಿಕೆಯ ವರದಿಗಾರಿಕೆ.

ವಿಶ್ವವಿದ್ಯಾಲಯ ಏನೂ ಮಾಡಲಿಲ್ಲ ಅಂದ್ರೆ ಅದೂ ಸುಳ್ಳು. ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಒಂದು ಕಾಲದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳು ಸಣ್ಣ ಪುಸ್ತಕವಾಗಿ ಕಡಿಮೆ ಬೆಲೆಗೆ ಜನರ ಕೈಗೆ ಬಂದವು. ಸಿದ್ಧಲಿಂಗಯ್ಯನವರು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಹೋಗಿ ಅಲ್ಲೇ ಮೇಷ್ಟ್ರಾದರು, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಅಂದ್ರೆ ಕೇರಿಯವನಿಗೆ ಒಂದು ಸೀಟು ಸಿಕ್ಕಿದಾಗ ಕೇರಿಯ ದೇವತೆಗೂ ಒಳಗೆ ಜಾಗ ಸಿಕ್ಕಿತು. ದೇವನೂರ ಮಹಾದೇವ 1989ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಲೇಖಕರ ಕಾರ್ಯಕ್ರಮಕ್ಕೆ ಹೋದದ್ದು 'ಕುಸುಮಬಾಲೆ' ಬರೆದ ಲೇಖಕರಾಗಿ. ಕಥೆ ಹೇಳೋ 'ಕಮ್ಯುನಿಟಿ'ಯಾಗಿ ಅಲ್ಲ.

ಈಗ ನಮ್ಮ ಕಾಲೋನಿ ವಿಷಯಕ್ಕೆ ಬರ್ತೀನಿ.

ಹೋದ ವರ್ಷ ಒಂದು ಖಾಸಗಿ ವಿಶ್ವವಿದ್ಯಾಲಯದವರು ಮೂರು ಭಾನುವಾರ ಬಂದಿದ್ದರು. ಹುಡುಗರು ಒಳ್ಳೆಯವರೇ. ಚಾಪೆ ಮೇಲೆ ಕೂತರು, ಚಿತ್ರಾನ್ನ ತಿಂದರು. ಪೌರಕಾರ್ಮಿಕ ಹೆಣ್ಮಕ್ಕಳು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡಿದರು. ನಮ್ಮ ಬೀದಿಯ ದೊಡ್ಡಮ್ಮ ಒಬ್ಬರು ಅಪಾರ್ಟ್‌ಮೆಂಟಿನ ಕಥೆ ಹೇಳಿದರು. ಬಿಸಿಲಲ್ಲಿ ನೀರು ಕೇಳಿದ್ರೆ ಒಂದು ಒಡೆದ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟು, 'ಲೋಟ ನೀವೇ ಇಟ್ಕೊಳ್ಳಿ' ಅಂದರಂತೆ. ದೊಡ್ಡಮ್ಮ ಅದರಲ್ಲಿ ಮಣ್ಣು ತುಂಬಿ ಪುದೀನ ನೆಟ್ಟರು. 'ಆಯಮ್ಮ ದಿನಾ ಒಂದೊಂದು ಲೋಟ ಕೊಟ್ಟಿದ್ರೆ ನಾನು ತೋಟಾನೇ ಮಾಡ್ತಿದ್ದೆ' ಅಂದಾಗ ಕೂತೋರೆಲ್ಲ ಬಿದ್ದು ಬಿದ್ದು ನಕ್ಕರು.

ಆರು ತಿಂಗಳಿಗೆ ಪುಸ್ತಕ ಬಂತು. ಇಂಗ್ಲಿಷು, ನುಣುಪು ಕಾಗದ. ಪ್ರತಿ ಕಥೆಯ ಕೆಳಗೆ ವಿದ್ಯಾರ್ಥಿಯ ಹೆಸರು. ಕೊನೇ ಪುಟದಲ್ಲಿ 'ಕಾಡುಗೋಡಿಯ ಮಹಿಳೆಯರಿಗೆ ಕೃತಜ್ಞತೆ'. ದೊಡ್ಡಮ್ಮ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿ, 'ಇದರಲ್ಲಿ ನಾನು ಎಲ್ಲಿದೀನಿ ಮಗಾ?' ಅಂದರು. ಹುಡುಕಿ ಕನ್ನಡದಲ್ಲಿ ಓದಿ ಹೇಳಿದೆ. ಅಲ್ಲಿ ಒಬ್ಬಳು ಹೆಂಗಸು ಲೋಟ ಎದೆಗೆ ಒತ್ತಿಕೊಂಡು ಅಳ್ತಾಳೆ. ಪುದೀನ ಇಲ್ಲ. 'ನಾನ್ಯಾಕೆ ಅತ್ತೆ?' ಅಂತ ಕೇಳಿದರು.

ಈ ಒಂದು ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. 'ಊರು ಕೇರಿ' ಓದಿದವರಿಗೆ ಗೊತ್ತು, ಅವಮಾನವನ್ನ ನಗಿಸ್ತಾ ಹೇಳೋದು ನಮ್ಮ ಜನರ ವಿದ್ಯೆ. ಆ ನಗು ಹೊಡೆದವನಿಗೆ ತಿರುಗಿ ತಾಗುತ್ತೆ. ಅದನ್ನ ತೆಗೆದು ಬರೀ ಕಣ್ಣೀರು ಉಳಿಸಿದರೆ ಓದುವವರಿಗೆ ಅಯ್ಯೋ ಪಾಪ ಅನ್ನೋ ಸುಖ ಸಿಗುತ್ತೆ, ದೊಡ್ಡಮ್ಮನ ಬುದ್ಧಿವಂತಿಕೆ ಕಳೆದುಹೋಗುತ್ತೆ.

ಇನ್ನೊಂದು ವಿಷಯ. ಪಕ್ಕದ ಮನೆ ಹುಡುಗಿ ಸರ್ಕಾರಿ ಕಾಲೇಜಿನಲ್ಲಿ ಕೊನೇ ವರ್ಷದ ಬಿಕಾಂ, ಸಂಜೆ ಅಂಗಡಿಯಲ್ಲಿ ಬಿಲ್ಲಿಂಗ್. ಎರಡು ನೋಟ್‌ಬುಕ್ ತುಂಬ ಕನ್ನಡದಲ್ಲಿ ಕಥೆ ಬರೆದಿಟ್ಟಿದ್ದಾಳೆ. ಆ ಶಿಬಿರದಲ್ಲಿ 'ಡಿಗ್ರಿ ಆದ್ಮೇಲೆ ನಾನೂ ನಿಮ್ಮ ಕೋರ್ಸಿಗೆ ಸೇರಬಹುದಾ ಮೇಡಂ?' ಅಂತ ಕೇಳಿದಳು. ಮೇಡಂ ಪ್ರೀತಿಯಿಂದಲೇ ಲಿಂಕ್ ಕಳಿಸಿದರು. ಇಂಗ್ಲಿಷಿನಲ್ಲಿ ಬರೆದ ಮಾದರಿ ಕೊಡಬೇಕು. ಒಂದು ವರ್ಷದ ಫೀಸು ನನ್ನ ವರ್ಷದ ಸಂಬಳಕ್ಕಿಂತ ಜಾಸ್ತಿ. ಅವಳು ಫೋನ್ ವಾಪಸ್ ಕೊಟ್ಟು, 'ಬಿಡಿ ಅಣ್ಣ' ಅಂದಳು.

ನಾನು ಬಿಡಲ್ಲ. ಸಂವಿಧಾನದ 15(5)ನೇ ವಿಧಿ ಖಾಸಗಿ ವಿದ್ಯಾಸಂಸ್ಥೆಗಳಲ್ಲೂ ಮೀಸಲಾತಿಗೆ ಕಾನೂನು ಮಾಡಬಹುದು ಅಂತ 2006ರಿಂದ ಹೇಳ್ತಿದೆ. ಸಂಸತ್ತು ಅಂಥ ಕಾನೂನು ಮಾಡೋವರೆಗೆ ಔಟ್‌ರೀಚ್ ಅಂತ ನಮ್ಮ ಬಾಗಿಲಿಗೆ ಬರೋರನ್ನಾದರೂ ನಾವು ಕೇಳಬೇಕಲ್ವಾ?

ಈ ವರ್ಷವೂ ಬರ್ತೀವಿ ಅಂತ ಅವರ ಪತ್ರ ಬಂದಿದೆ. ಸಂಘದಲ್ಲಿ ಕೂತು ಮಾತಾಡಿದೆವು. ಕೆಲವರು ಬೇಡವೇ ಬೇಡ ಅಂದರು. ಬರಲಿ, ಆದ್ರೆ ನಮ್ಮ ಷರತ್ತಿನ ಮೇಲೆ ಬರಲಿ ಅಂತ ಕೊನೆಗೆ ತೀರ್ಮಾನ ಆಯ್ತು. ಕಳಿಸಿರೋದು ಇಷ್ಟು:

1. ಪುಸ್ತಕ ಮೊದಲು ಹೇಳಿದವರ ಮಾತಿನಲ್ಲೇ ಬರಬೇಕು, ತೆಲುಗು ಬೆರೆತಿದ್ದರೆ ಹಾಗೇ. ಇಂಗ್ಲಿಷ್ ಆಮೇಲೆ.

2. ಕಥೆಯ ಕೆಳಗೆ ಹೇಳಿದವರ ಹೆಸರು. ಹಕ್ಕು ಅವರದು. ಬರೆದುಕೊಂಡವರ ಹೆಸರು ಬರೆದುಕೊಂಡವರು ಅಂತಲೇ ಇರಲಿ.

3. ಅಚ್ಚಿಗೆ ಹೋಗೋ ಮುಂಚೆ ಹೇಳಿದವರಿಗೆ ಓದಿ ಹೇಳಬೇಕು. ಅವರು ಬೇಡ ಅಂದದ್ದು ಬೇಡ.

4. ಕೂತ ದಿನಕ್ಕೆ ಗೌರವಧನ. ವಾರವೆಲ್ಲ ಬೆಳಗಿನ ಜಾವ ಪೊರಕೆ ಹಿಡಿಯೋರ ಭಾನುವಾರ ಪುಕ್ಕಟೆ ಅಲ್ಲ.

5. ವರ್ಷಕ್ಕೆ ಎರಡು ಸೀಟು, ಪೂರ್ತಿ ಫೀಸು ಮಾಫಿ, ತಿಂಗಳ ಖರ್ಚಿಗೆ ಹಣ. ಪ್ರವೇಶದ ಬರಹ ಕನ್ನಡದಲ್ಲಿ ಕೊಡಲು ಅವಕಾಶ, ತಿದ್ದೋಕೆ ಕನ್ನಡ ಬಲ್ಲ ಮೇಷ್ಟ್ರು.

ಐದನೆಯದಕ್ಕೆ 'ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತೀವಿ' ಅಂದಿದ್ದಾರೆ. ಮಾತಾಡಲಿ. ಉತ್ತರ ಏನೇ ಬಂದರೂ ಇಲ್ಲೇ ಹಾಕ್ತೀನಿ.

ಅಲ್ಲಿವರೆಗೆ ನಾವು ಸುಮ್ನೆ ಕೂರಲ್ಲ. ಈ ಭಾನುವಾರ ಸಂಜೆ 5ಕ್ಕೆ ಸಂಘದ ರೂಮಿನಲ್ಲಿ ನಮ್ಮದೇ ಕಮ್ಮಟ ಇದೆ. ಕಾಡುಗೋಡಿ ಮೆಟ್ರೋ ಇಳಿದು ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ತೀವಿ. ಕನ್ನಡ ಮೇಷ್ಟ್ರು, ಪತ್ರಕರ್ತರು, ಕಥೆಗಾರರು ಯಾರಾದ್ರೂ ಎರಡು ಗಂಟೆ ಕೊಟ್ಟರೆ ಉಪಕಾರ. ನಮ್ಮ ಮಕ್ಕಳ ಬರಹವನ್ನ ಮುಲಾಜಿಲ್ಲದೆ ತಿದ್ದೋರು ಬೇಕು. ಬರುವಾಗ ಒಂದು ಕೆಂಪು ಪೆನ್ನು ತನ್ನಿ.

ಜೈಭೀಮ್.